ರೇಷ್ಮೆ ಹುಳಕ್ಕೆ ದಾರ ಕಟ್ಟಿ ಹಾರ್ಮೋನ್ ಕೆಲಸ ನೋಡಿದ್ದು: ನನ್ನ ಅನುಭವ

ರೇಷ್ಮೆ ಹುಳದ ಎದೆಗೂ ಹೊಟ್ಟೆಗೂ ಮಧ್ಯೆ ದಾರ ಬಿಗಿದ್ರೆ ಏನಾಗತ್ತೆ ಅಂತ ಎಂಎಸ್ಸಿ ಪರೀಕ್ಷೆಲಿ ಉರು ಹೊಡೆದು ಬರೆದಿದ್ದೆ, ಕೈಯಾರೆ ಮಾಡಿದ್ದು ಮಾತ್ರ ಎಷ್ಟೋ ವರ್ಷ ಆದ್ಮೇಲೆ, ಮಕ್ಕಳಿಗೆ ಪಾಠ ಮಾಡೋಕೆ ಶುರು ಮಾಡಿದಾಗ.

ನಾಲ್ಕನೇ ಜ್ವರದಿಂದ (ಹುಳ ತಿನ್ನೋದು ನಿಲ್ಲಿಸಿ ಪೊರೆ ಬಿಡೋ ಹೊತ್ತಿಗೆ ಜ್ವರ ಅಂತಾರೆ) ಎದ್ದ ದಿನದಿಂದ ಲೆಕ್ಕ ಇಟ್ಟು, ಐದನೇ ದಿನ 12 ಹುಳ ತಗೊಂಡೆ. ಐಸ್ ಮೇಲೆ ಹತ್ತು ನಿಮಿಷ ಇಟ್ರೆ ಸುಮ್ನೆ ಮಲಗ್ತವೆ. ಮೊದಲ ಸಲ ನಾನು ಗಂಟನ್ನ ಒಂದೇ ಏಟಿಗೆ ಎಳೆದುಬಿಟ್ಟೆ, ಚರ್ಮ ಸೀಳಿ ಹಳದಿ ರಕ್ತ ಸುರಿದು ಸ್ವಲ್ಪ ಹೊತ್ತಲ್ಲೇ ಕಪ್ಪಾಯ್ತು, ಐದು ಹುಳ ಹಂಗೇ ಹೋದ್ವು, ತುಂಬಾ ಬೇಜಾರಾಯ್ತು. ಆಮೇಲೆ ಗೊತ್ತಾಯ್ತು, ದಾರ ಸುತ್ತಿ ನಿಧಾನಕ್ಕೆ ಬಿಗಿತಾ ಹೋಗ್ಬೇಕು, ಒಳಗಿರೋ ರಕ್ತ ಎರಡೂ ಕಡೆಗೆ ಸರಿಯೋಕೆ ಟೈಮ್ ಕೊಡ್ಬೇಕು, ಆಮೇಲೆ ಇನ್ನೊಂದು ಗಂಟು.

ಉಳಿದ ಏಳರಲ್ಲಿ ನಾಲ್ಕು ಚೆನ್ನಾಗಿ ಬಂದ್ವು. ಕೆಲವು ದಿನ ಕಳೆದ್ಮೇಲೆ ನೋಡಿದ್ರೆ ಮುಂದಿನ ಅರ್ಧ ಕಂದು ಬಣ್ಣದ ಪ್ಯೂಪಾ (ಹುಳ ಚಿಟ್ಟೆ ಆಗೋಕೆ ಮುಂಚಿನ ಹಂತ), ಹಿಂದಿನ ಅರ್ಧ ಇನ್ನೂ ಬೆಳ್ಳಗೆ ಮೆತ್ತಗೆ ಹುಳನೇ, ಮುಟ್ಟಿದ್ರೆ ಅಲ್ಲಾಡತ್ತೆ! ಒಂದೇ ಪ್ರಾಣಿ, ಎರಡು ವಯಸ್ಸು. ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಕಾರಣ ಇಷ್ಟೇ. ಮೆದುಳಿಂದ ಬರೋ ಒಂದು ಹಾರ್ಮೋನು ಎದೆಲಿರೋ ಪ್ರೊಥೊರಾಸಿಕ್ ಗ್ರಂಥಿನ ಎಬ್ಬಿಸತ್ತೆ, ಆ ಗ್ರಂಥಿ ಎಕ್ಡೈಸೋನ್ ಅನ್ನೋ, ಹುಳನ ಪ್ಯೂಪಾ ಮಾಡಿಸೋ ಹಾರ್ಮೋನ್ ಬಿಡತ್ತೆ, ಅದು ರಕ್ತದಲ್ಲಿ ಹೊಟ್ಟೆ ಕಡೆಗೆ ಹರಿಬೇಕು, ದಾರ ಆ ದಾರಿನ ಮುಚ್ಚಿದೆ. ಕೀಟದ ಮೆದುಳಿಗೂ ಹಾರ್ಮೋನಿಗೂ ಸಂಬಂಧ ಇದೆ ಅಂತ ಪೋಲೆಂಡಿನ ಕೋಪೆಚ್ 1922ರಲ್ಲೇ ಬರೆದ್ರು, ರೇಷ್ಮೆ ಹುಳದಲ್ಲಿ ಎದೆಯ ಗ್ರಂಥಿನೇ ಮೂಲ ಅಂತ ಜಪಾನಿನ ಫುಕುಡಾ 1940ರಲ್ಲಿ ತೋರಿಸಿದ್ರು. 1954ರಲ್ಲಿ ಜರ್ಮನಿಯ ಬುಟೆನಾಂಟ್, ಕಾರ್ಲ್‌ಸನ್ ಇಬ್ರೂ 500 ಕಿಲೋ ಪ್ಯೂಪಾದಿಂದ ಬೇರ್ಪಡಿಸಿದ ಎಕ್ಡೈಸೋನ್ ಬರೀ 25 ಮಿಲಿಗ್ರಾಂ. ಅಷ್ಟು ಕಮ್ಮಿ ಇರೋ ವಸ್ತು ಇಡೀ ಮೈನ ಬದಲಾಯಿಸತ್ತೆ ಅಂದ್ರೆ ಯೋಚನೆ ಮಾಡಿ.

ನಂಗೆ ಜಾಸ್ತಿ ಕಲಿಸಿದ್ದು ಟೈಮಿಂಗ್. ಗೂಡು ಕಟ್ಟಿ ಮುಗಿಸೋ ಹೊತ್ತಿಗೆ ಇನ್ನೊಂದಷ್ಟು ಹುಳ ತೆಗೆದು ಅದೇ ಜಾಗಕ್ಕೆ ಅದೇ ದಾರ ಕಟ್ಟಿದೆ, ಈ ಸಲ ಹಿಂದಿನ ಅರ್ಧನೂ ಪ್ಯೂಪಾ ಆಯ್ತು, ಯಾಕಂದ್ರೆ ಅಷ್ಟರಲ್ಲಿ ಹಾರ್ಮೋನು ದಾಟಿ ಹೋಗಿತ್ತು. ಹಾಗಾಗಿ ಹುಳದ ವಯಸ್ಸನ್ನ ಗಂಟೆ ಲೆಕ್ಕದಲ್ಲಿ ಬರೆದಿಡದೆ ಈ ಪ್ರಯೋಗ ಮಾಡಿದ್ರೆ ಬಂದ ರಿಸಲ್ಟ್‌ಗೆ ಅರ್ಥನೇ ಇರಲ್ಲ.

ಇನ್ನೊಂದು ಸಲ ಜುವೆನೈಲ್ ಹಾರ್ಮೋನಿನ (ಹುಳನ ಹುಳವಾಗೇ ಇಡೋ ಹಾರ್ಮೋನು) ಥರ ಕೆಲಸ ಮಾಡೋ ಮೆಥೊಪ್ರೀನ್‌ನ ಅಸಿಟೋನಲ್ಲಿ ಕರಗಿಸಿ ಐದನೇ ಹಂತದ, ಅಂದ್ರೆ ನಾಲ್ಕನೇ ಜ್ವರ ಮುಗಿದ್ಮೇಲಿನ ಹಂತದ, ಶುರುವಲ್ಲಿ ಬೆನ್ನಿಗೆ ಹಚ್ಚಿದೆ. ಮೈಯಲ್ಲಿ ಜುವೆನೈಲ್ ಹಾರ್ಮೋನು ಇಳಿದ್ರೇನೇ ಹುಳ ಪ್ಯೂಪಾ ಆಗೋದು, ಇಳಿಯದೇ ಇದ್ರೆ ಹುಳವಾಗೇ ಉಳಿಯತ್ತೆ. ಕಮ್ಮಿ ಹಚ್ಚಿದ ಹುಳಗಳು ಒಂದು ದಿನ ಜಾಸ್ತಿ ಸೊಪ್ಪು ತಿಂದು ದಪ್ಪಗಾಗಿ ಗೂಡು ಕಟ್ಟಿದ್ವು. ಜಾಸ್ತಿ ಹಚ್ಚಿದ್ದರಲ್ಲಿ ಕೆಲವು ಗೂಡೇ ಕಟ್ಟಲಿಲ್ಲ, ತಿಂತಾನೇ ಇದ್ದು ಕೊನೆಗೆ ಹುಳವಾಗೇ ಸತ್ವು, ನೋಡೋಕೆ ಸಂಕಟ ಆಗ್ತಿತ್ತು. ಬರೀ ಅಸಿಟೋನ್ ಹಚ್ಚಿದ ಗುಂಪು ಪಕ್ಕದಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ಯಾವುದು ಯಾವುದರಿಂದ ಆಯ್ತು ಅಂತ ತಿಳಿಯಲ್ಲ. ಮೆಥೊಪ್ರೀನ್ ಮುಟ್ಟಿದ ತಟ್ಟೆ, ಬ್ರಷ್ಷು, ಕೈ ಯಾವುದನ್ನೂ ಸಾಕೋ ಹುಳದ ಹತ್ರ ತರಬೇಡಿ, ಬೇರೆ ರೂಮಲ್ಲೇ ಮಾಡಿ.