ಸಜ್ಜೆ ಮೇಲಿನ ಪಿಎಸ್2 ಇಳಿಸಿ, ಒಂದು ಆಟ ಮುಗಿಸಿ

ಪಿಯುಸಿಗೆ ಬರುವ ಹೊತ್ತಿಗೆ ಎಷ್ಟೋ ಹುಡುಗ ಹುಡುಗಿಯರಿಗೆ ಗೇಮ್ ಅಂದರೇ ಬೇಸರ. ಫೋನಿನಲ್ಲಿ ಐದಾರು ಗೇಮ್ ಇರುತ್ತವೆ, ತೆರೆಯಲು ಮನಸ್ಸಿರುವುದಿಲ್ಲ. ದಿನಾ ಹಾಜರಿ ಹಾಕಬೇಕು, ಜಾಹೀರಾತು ನೋಡಬೇಕು, ಹೊಸ ಸೀಸನ್ ಬಂದರೆ ಮತ್ತೆ ಮೊದಲಿಂದ. ಮುಗಿಸಿದೆ ಎಂಬ ಖುಷಿಗೆ ಅಲ್ಲಿ ಜಾಗವೇ ಇಲ್ಲ. ಆ ರುಚಿ ಮರಳಬೇಕಾದರೆ ಕೊನೆ ಇರುವ ಆಟ ಬೇಕು, ಇಂಟರ್ನೆಟ್ ಕೇಳದ ಯಂತ್ರ ಬೇಕು. ಅಣ್ಣನೋ ಚಿಕ್ಕಪ್ಪನೋ ಆಡಿ ಬಿಟ್ಟ ಪ್ಲೇಸ್ಟೇಷನ್ 2 (ಪಿಎಸ್2), ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಯಂತ್ರ, ಬೆಂಗಳೂರಿನ ಎಷ್ಟೋ ಮನೆಗಳ ಸಜ್ಜೆ ಮೇಲೆ ಇನ್ನೂ ಕೂತಿದೆ. 2000ದಲ್ಲಿ ಬಂದ ಯಂತ್ರ, ಆದರೆ ಸುಲಭಕ್ಕೆ ಸಾಯುವುದಿಲ್ಲ.

ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಮೊದಲು ತಿರುಗಿಸಿ ತಳದ ಲೇಬಲ್ ಓದಿ. ಅಮೆರಿಕದಿಂದ ನೆಂಟರು ತಂದ ದಪ್ಪ ಮಾದರಿಯಾದರೆ ಅದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಅದು ಭಾರತದಲ್ಲಿ ಮಾರುತ್ತಿದ್ದ ಡಿಸ್ಕ್‌ಗಳನ್ನೂ ಓದುವುದಿಲ್ಲ; ಯಂತ್ರ ತನ್ನ ಪ್ರದೇಶಕ್ಕೆಂದು ಮಾಡಿದ ಡಿಸ್ಕನ್ನಷ್ಟೇ ಒಪ್ಪುತ್ತದೆ. ತೆಳ್ಳಗಿನ ಸ್ಲಿಮ್ ಮಾದರಿಯಲ್ಲಿ 8.5 ವೋಲ್ಟ್ ಎಂದಿದ್ದರೆ ಹೊರಗಿನ ಅಡಾಪ್ಟರ್ ಬೇಕು. ಪಿನ್ ಸೇರಿತೆಂದು ಬೇರೆ ಅಡಾಪ್ಟರ್ ಚುಚ್ಚಬೇಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಲೇಬಲ್ಲಿನಷ್ಟು ಅಥವಾ ಹೆಚ್ಚಿರಬಹುದು. ಮಾದರಿ ಸಂಖ್ಯೆ 90 ಸಾವಿರದ ಸಾಲಿನದಾದರೆ ಅಡಾಪ್ಟರ್ ಒಳಗೇ ಇದೆ; ಲೇಬಲ್ಲಿನ ವೋಲ್ಟ್ ನಮ್ಮದಕ್ಕೆ ಹೊಂದಿದರೆ ಎರಡು ಪಿನ್ನಿನ ಸಾದಾ ಕೇಬಲ್ ಸಾಕು.

ಇನ್ನು ಟಿವಿ. ಅರ್ಧಕ್ಕರ್ಧ ಜನ ಸೋಲುವುದು ಇಲ್ಲೇ. ಪಿಎಸ್2 ಕೇಬಲ್ಲಿನಲ್ಲಿ ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಶಬ್ದಕ್ಕೆ. ಹೊಸ ಎಲ್‌ಇಡಿ ಟಿವಿಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನಿನಂಥ ಒಂದೇ ತೂತು ಇರಬಹುದು. ಅದಕ್ಕೆ ಟಿವಿ ಜೊತೆ ಬಂದ ತುಂಡು ಕೇಬಲ್ ಹುಡುಕಿ. ಬೇರೆ ಕಂಪನಿಯ ತುಂಡಾದರೆ ಒಳಗಿನ ತಂತಿಗಳ ಕ್ರಮ ಬೇರೆ. ಚಿತ್ರ ಬಾರದೆ ಗೊರಗೊರ ಶಬ್ದ ಮಾತ್ರ ಬಂದರೆ ಹಳದಿಯನ್ನು ಕೆಂಪಿನ ಜಾಗಕ್ಕೆ ಹಾಕಿ ನೋಡಿ.

ಟಿವಿಯಲ್ಲಿ ಎಚ್‌ಡಿಎಂಐ ತೂತು ಮಾತ್ರ ಇದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಹೋಗಿ. ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು; ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಕೇಳಬೇಕಾದ್ದು 'ಎವಿ ಟು ಎಚ್‌ಡಿಎಂಐ' ಪರಿವರ್ತಕ ಡಬ್ಬಿ; ಎವಿ ಎಂದರೆ ಆ ಮೂರು ಬಣ್ಣದ ಕೇಬಲ್. ನೋಡಲು ಒಂದೇ ಥರದ 'ಎಚ್‌ಡಿಎಂಐ ಟು ಎವಿ' ಡಬ್ಬಿಯೂ ಅದೇ ಶೆಲ್ಫಿನಲ್ಲಿರುತ್ತದೆ, ಅದು ಉಲ್ಟಾ ಕೆಲಸದ್ದು. ಡಬ್ಬಿಯ ಮೇಲಿನ ಬಾಣ ನೋಡಿ ತನ್ನಿ. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕೊಡದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಪಿಎಸ್2 ಬೆನ್ನಿಗೇ ಸಿಕ್ಕಿಸುವ ಪುಟ್ಟ ಎಚ್‌ಡಿಎಂಐ ಅಡಾಪ್ಟರಿನ ಚಿತ್ರ ಇನ್ನೂ ಸ್ಪಷ್ಟ, ಆದರೆ ಯಂತ್ರದ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಅನ್ನು ಆರ್‌ಜಿಬಿಯಿಂದ ತೆಗೆದು ಇನ್ನೊಂದಕ್ಕೆ ಬದಲಿಸಬೇಕು, ಇಲ್ಲವಾದರೆ ಬಣ್ಣ ಕೆಡುತ್ತದೆ. ಕೊನೆಗೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಅಗಲವನ್ನು 4:3ಕ್ಕೆ ತನ್ನಿ. ಗೇಮ್ ಮೋಡ್ ಇಲ್ಲದೆ ಬಟನ್ ಒತ್ತಿದ್ದು ಪರದೆ ಮೇಲೆ ತಡವಾಗಿ ಕಾಣುತ್ತದೆ, ಆಟ ಕೈಗೆ ಹತ್ತುವುದಿಲ್ಲ. ಆಟವೇ ಕೆಟ್ಟದು ಎಂದುಕೊಂಡು ಎಷ್ಟೋ ಜನ ಬಿಡುವುದು ಈ ಕಾರಣಕ್ಕೆ.

ಡಿಸ್ಕ್ ತಿರುಗುತ್ತದೆ, ಓದುವುದಿಲ್ಲ ಎಂದಾದರೆ ಮೊದಲ ಗುಮಾನಿ ಲೆನ್ಸಿನ ಮೇಲಿನ ಧೂಳು. ಸ್ಲಿಮ್‌ನಲ್ಲಿ ಮುಚ್ಚಳ ಎತ್ತಿದರೆ ಕಡಲೆ ಗಾತ್ರದ ಗಾಜು ಕಾಣುತ್ತದೆ. ಪ್ಲಗ್ ಕಿತ್ತು, ಇಯರ್ ಬಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಭಾರ ಬಿಡದೆ ಎರಡು ಸುತ್ತು ಒರೆಸಿ. ಲೆನ್ಸ್ ಸ್ಪ್ರಿಂಗ್ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ವಾಲಿಹೋಗುತ್ತದೆ. ಹತ್ತು ನಿಮಿಷ ಆರಲು ಬಿಡಿ. ಡಿಸ್ಕನ್ನು ಒಳಗಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಬೇಡ. ಮಾಹಿತಿ ಸುರುಳಿಯಾಗಿ ಬರೆದಿರುವುದರಿಂದ ಸುತ್ತು ಗೀರು ಒಂದೇ ಕಡೆ ಉದ್ದಕ್ಕೆ ಅಳಿಸುತ್ತದೆ. ತಳ ನೀಲಿಯಿರುವ ಡಿಸ್ಕ್ ಸಿಡಿ, ಬೆಳ್ಳಿಯದು ಡಿವಿಡಿ. ಒಂದು ಬಗೆಯದು ಓಡಿ ಇನ್ನೊಂದು ಓಡದಿದ್ದರೆ ಲೇಸರ್ ಸೋತಿರಬಹುದು, ಒರೆಸಿದರೂ ಸರಿಹೋಗದಿರಬಹುದು. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋದರೆ ಒಳಗಿನ ಸಿಆರ್2032 ಬ್ಯಾಟರಿ ಮುಗಿದಿದೆ, ಆಟಕ್ಕೆ ಅಡ್ಡಿಯಿಲ್ಲ.

ಈಗ ಆಟದ ಆಯ್ಕೆ. ಡಿಸ್ಕ್‌ಗಳೆಲ್ಲ ಮುಂದೆ ಹರಡಿಕೊಂಡು ಕೂರಬೇಡಿ, ಒಂದನ್ನು ಇಟ್ಟುಕೊಂಡು ಉಳಿದದ್ದು ಡಬ್ಬಿಗೆ ಹಾಕಿ. ಟ್ಯೂಷನ್, ಸಿಇಟಿ ತಯಾರಿಯ ನಡುವೆ ಹೊಂದುವಂಥದ್ದು 2005ರ 'ಶ್ಯಾಡೊ ಆಫ್ ದಿ ಕೊಲೊಸಸ್'. ಅದರಲ್ಲಿ ಸಣ್ಣಪುಟ್ಟ ಶತ್ರುಗಳಿಲ್ಲ, ಹದಿನಾರು ದೈತ್ಯರು ಅಷ್ಟೇ. ಒಂದು ಸಲ ಕೂತರೆ ಒಬ್ಬ ದೈತ್ಯ, ಆಮೇಲೆ ಸೇವ್ ಮಾಡಿ ಏಳಿ. ದೈತ್ಯನ ರೋಮ ಹಿಡಿದು ಹತ್ತುವಾಗ ಆರ್1 ಒತ್ತಿಯೇ ಇರಬೇಕು. ಬೆರಳು ಸೋಲುತ್ತಿದ್ದಂತೆ ಪರದೆಯ ಮೂಲೆಯ ಹಿಡಿತದ ವೃತ್ತವೂ ಕುಗ್ಗುತ್ತಾ ಬರುತ್ತದೆ. ಫೋನ್ ಗಾಜನ್ನು ಉಜ್ಜಿದವರಿಗೆ ಇದು ಹೊಸ ಅನುಭವ. ಸಿಕ್ಕಿಬಿದ್ದರೆ ತಕ್ಷಣ ಯೂಟ್ಯೂಬ್ ತೆರೆಯಬೇಡಿ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಗೆಳೆಯರು ಬಂದರೆ 'ಕ್ರಿಕೆಟ್ 07' ಹಾಕಿ, ಐದು ಓವರಿನ ಪಂದ್ಯ, ಇಬ್ಬರಿಗೂ ಒಂದೊಂದು ಕಂಟ್ರೋಲರ್. ಪಕ್ಕದಲ್ಲಿ ಕೂತವನನ್ನು ಔಟ್ ಮಾಡುವ ಮಜವೇ ಬೇರೆ.

ಮೆಮೊರಿ ಕಾರ್ಡ್ ಸೋನಿಯ 8 ಎಂಬಿಯದೇ ಇರಲಿ. 64 ಎಂಬಿ ಎಂದು ಬರೆದ ಅಗ್ಗದ ಕಾರ್ಡ್‌ಗಳಲ್ಲಿ ಸೇವ್ ಕೆಡುವುದು ಜಾಸ್ತಿ. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೂ ಅಷ್ಟೇ, ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲುತ್ತದೆ. ಮಳೆಗಾಲದ ಸಂಜೆ ಆಡುವುದಾದರೆ ಯುಪಿಎಸ್ ಇರುವ ಸಾಕೆಟ್ಟಿಗೇ ಹಾಕಿ. ಅದಿಲ್ಲದಿದ್ದರೆ ಎರಡನೇ ಕಾರ್ಡ್ ಒಂದನ್ನು ಇಟ್ಟುಕೊಂಡು, ವಾರಕ್ಕೊಮ್ಮೆ ಯಂತ್ರದ ಬ್ರೌಸರ್‌ಗೆ (ಇಂಟರ್ನೆಟ್ಟಿನದಲ್ಲ, ಕಾರ್ಡಿನಲ್ಲಿರುವುದನ್ನು ತೋರಿಸುವ ಮೆನು) ಹೋಗಿ ಸೇವನ್ನು ಅದಕ್ಕೆ ಕಾಪಿ ಮಾಡಿಡಿ.