‘ಮೆ ದ್ವೇಲೆ’: ಸ್ಪ್ಯಾನಿಷ್ ನೆಗಡಿ ಪದಗಳು ನನಗೆ ದಕ್ಕಿದ ಬಗೆ

ಹ್ಯೂಸ್ಟನ್ನಿನ ಔಷಧದಂಗಡಿಯೊಂದರಲ್ಲಿ ಆರು ವರ್ಷಗಳಿಂದ ಫಾರ್ಮಸಿಸ್ಟ್ ಆಗಿರುವ ನನಗೆ ಚಳಿಗಾಲದಲ್ಲಿ ಕೇಳಿಬರುವ ಸ್ಪ್ಯಾನಿಷ್ ಬಹುಪಾಲು ನೆಗಡಿ, ಕೆಮ್ಮುಗಳದ್ದೇ. ಈ ಪದಗಳನ್ನು ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಕನ್ನಡದ ಮೂಲಕ ಕಲಿಯುತ್ತೇನೆಂದಾಗ ಜೊತೆಯಲ್ಲಿ ಕಲಿಯುತ್ತಿದ್ದವರು ಯಾರೂ ಒಪ್ಪಲಿಲ್ಲ. ಈಗ ದುಭಾಷಿಯ ನೆರವಿಲ್ಲದೆ ದಿನಕ್ಕೆ ಹತ್ತು ಹನ್ನೆರಡು ಮಂದಿಯ ತೊಂದರೆಯನ್ನು ನಾನೇ ವಿಚಾರಿಸುತ್ತೇನೆ. ನಮ್ಮ ಅಂಗಡಿಯಲ್ಲಿ ಇನ್ನಾರಿಗೂ ಅದು ಸಾಧ್ಯವಾಗಿಲ್ಲ.

ಅದಕ್ಕೆ ಮುಂಚೆ ಹಣ ಸಾಕಷ್ಟು ಹೋಯಿತು. ಸಂಜೆ ತರಗತಿಗೆ ಸುಮಾರು 400 ಡಾಲರ್, ಮೊಬೈಲ್ ಆ್ಯಪಿಗೆ 80ರಷ್ಟು. ಪಾಠಗಳೆಲ್ಲ ಸ್ಪೇನಿನ ಭಾಷೆಯವು, ಕೌಂಟರಿಗೆ ಬರುವವರು ಹೆಚ್ಚಾಗಿ ಮೆಕ್ಸಿಕೋದವರು. ಸ್ಪೇನಿನಲ್ಲಿ ‘ಗ್ರೀಪೆ’ ಎಂದರೆ ಫ್ಲೂ; ಮೆಕ್ಸಿಕೋದವರ ‘ಗ್ರೀಪಾ’ ಸಾಮಾನ್ಯ ನೆಗಡಿಗೂ ಸಲ್ಲುತ್ತದೆ. ಇದನ್ನರಿಯದೆ, ಮೂಗು ಸೋರುತ್ತಿದ್ದ ಅಜ್ಜಿಯೊಬ್ಬರನ್ನು ಫ್ಲೂ ಇರಬಹುದೆಂದು ವೈದ್ಯರ ಬಳಿ ಕಳುಹಿಸಿದೆ. ಅವರು 120 ಡಾಲರಿನಷ್ಟು ತೆತ್ತು ಬಂದರೆಂದು ಮರುದಿನ ಮಗಳು ಹೇಳಿದಾಗ ನನಗೆ ತಡೆಯಲಾರದ ಸಂಕಟವಾಯಿತು. ‘ಕೋನ್ಸ್ತಿಪಾದೋ’ ಇನ್ನೂ ಅಪಾಯದ ಪದ: ಸ್ಪೇನಿನಲ್ಲಿ ನೆಗಡಿಯಾದವನು, ಲ್ಯಾಟಿನ್ ಅಮೆರಿಕದ ಹಲವೆಡೆ ಮಲಬದ್ಧತೆಯವನು. ಅದನ್ನು ನಾನು ಆಡುವುದನ್ನೇ ಬಿಟ್ಟೆ.

ದಾರಿ ತೆರೆದದ್ದು ‘ಮೆ ದ್ವೇಲೆ ಲಾ ಗರ್ಗಾಂತಾ’ ಎಂಬ ವಾಕ್ಯದಿಂದ. ಇಂಗ್ಲಿಷಿನಿಂದ ಬಂದವರು ‘ನನ್ನ ಗಂಟಲು’ ಎಂಬುದನ್ನು ತುರುಕಲು ಹೋಗಿ ತಪ್ಪುತ್ತಾರೆ. ನಮಗೋ ಅದು ‘ನನಗೆ ಗಂಟಲು ನೋಯುತ್ತದೆ’ ಎಂಬುದೇ ಆಗಿದೆ. ಕಿವಿಗಳೆರಡೂ ನೋಯುತ್ತಿದ್ದರೆ ನಮ್ಮ ‘ನೋಯುತ್ತವೆ’ಯಂತೆಯೇ ‘ದ್ವೇಲೆನ್’ ಆಗುತ್ತದೆ. ಗಂಟಲು ಕೆರೆದರೆ ‘ಮೆ ಪೀಕಾ’, ಉರಿದರೆ ‘ಮೆ ಆರ್ದೆ’. ಒಂದು ವಾರದಲ್ಲಿ ಇಂಥ ಇಪ್ಪತ್ತು ವಾಕ್ಯಗಳು ನಾಲಿಗೆಗೆ ಹತ್ತಿದವು. ‘ನನ್ನಲ್ಲಿದೆ’ ಎಂಬರ್ಥದ ‘ತೇಂಗೊ’ ಮಾತ್ರ ಈ ಜಾಡಿಗೆ ಬರುವುದಿಲ್ಲ, ಅಲ್ಲಿ ಕಾಯಿಲೆಯವನೇ ಕರ್ತೃ. ‘ತೇಂಗೊ ತೋಸ್’, ‘ತೇಂಗೊ ಫಿಯೇಬ್ರೆ’, ‘ತೇಂಗೊ ಲಾ ನರೀಸ್ ತಪಾದಾ’, ಅಂದರೆ ಕೆಮ್ಮು, ಜ್ವರ, ಕಟ್ಟಿದ ಮೂಗು, ಇವನ್ನು ಬಾಯಿಪಾಠ ಮಾಡಿದೆ.

ನಡುವೆ ಪದಗಳನ್ನೆಲ್ಲ ಪ್ರಾಸದಲ್ಲಿ ಹೊಸೆದು ಮಗನೊಡನೆ ಹಾಡಿ ನೋಡಿದ್ದೂ ಉಂಟು. ಹಾಡು ನೆನಪಿನಲ್ಲಿ ಉಳಿಯಿತಾದರೂ ಕೌಂಟರಿನಲ್ಲಿ ಬೇಕಾದ ಪದ ಸಿಗಬೇಕಾದರೆ ಮೊದಲಿನಿಂದ ಹಾಡಬೇಕಾಗುತ್ತಿತ್ತು. ಕೆಮ್ಮಿನ ಸಿರಪ್ಪಿಗೆ ಅವರೆನ್ನುವ ‘ಹರಾಬೆ’ ಮತ್ತು ನಮ್ಮ ‘ಶರಬತ್ತು’ ಎರಡೂ ಅರಬ್ಬಿಯ ಒಂದೇ ಧಾತುವಿನಿಂದ ಹುಟ್ಟಿದವೆಂದು ತಿಳಿದ ಮೇಲೆ ಆ ಪದವನ್ನು ಮರೆತದ್ದೇ ಇಲ್ಲ.

ಬಂದವರು ಯಾವ ದೇಶದವರೆಂದು ನೇರವಾಗಿ ಕೇಳದೆಯೇ ತಿಳಿಯಲು ನಾನು ಹಾಕುವ ಮೊದಲ ಪ್ರಶ್ನೆಯೊಂದಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡನೆಯದನ್ನು ಹೇಳಬಹುದು: ‘ತೋಸ್ ಸೇಕಾ ಓ ಕೋನ್ ಫ್ಲೇಮಾಸ್?’ ಒಣಕೆಮ್ಮಾದರೆ ಕೆಮ್ಮನ್ನು ತಡೆಯುವ ಡೆಕ್ಸ್ಟ್ರೋಮೆಥಾರ್ಫಾನ್, ಕಫವಿದ್ದರೆ ಅದನ್ನು ಸಡಿಲಿಸುವ ಗ್ವಾಯ್ಫೆನೆಸಿನ್. ಕಳೆದ ತಿಂಗಳು ಅದೇ ಅಜ್ಜಿ ಬಂದು, ಎದೆಯ ಮೇಲೆ ಕೈಯಿಟ್ಟು ‘ಕೋನ್ ಫ್ಲೇಮಾಸ್’ ಎಂದರು. ನಾನು ಎರಡನೆಯ ಬಾಟಲಿಯನ್ನು ಕೊಟ್ಟೆ.