ತೊಡೆಯ ಗುಳಿಗಳಿಗೆ ಕಂಪ್ರೆಷನ್ ಮಸಾಜ್: ಮನೆಯಲ್ಲಿ ಮಾಡೋದು ಹೇಗೆ, ಪಾರ್ಲರ್‌ನಲ್ಲಿ ಕೇಳೋದು ಏನು

ಮೊದಲೇ ಹೇಳಿಬಿಡುತ್ತೇನೆ. ಮಸಾಜ್‌ನಿಂದ ಸೆಲ್ಯುಲೈಟ್, ಅಂದರೆ ತೊಡೆಯ ಮೇಲಿನ ಈ ಗುಳಿಗುಳಿ ಚರ್ಮ, ಹೋಗುವುದಿಲ್ಲ. ಕಡಿಮೆ ಕಾಣುತ್ತದೆ, ಅಷ್ಟೇ. ಅದೂ ಕೆಲವು ಗಂಟೆ, ಬಿಡದೆ ಮಾಡುತ್ತಿದ್ದರೆ ಇನ್ನೊಂದಿಷ್ಟು ದಿನ. ಇಷ್ಟಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ, ಯಾಕೆಂದರೆ ಸರಿಯಾಗಿ ಮಾಡಿದರೆ ಕಾಲು ಹಗುರಾಗುತ್ತದೆ, ಚರ್ಮ ನುಣುಪಾಗುತ್ತದೆ, ಖರ್ಚು ಒಂದು ಬಾಟಲಿ ಎಣ್ಣೆ.

ಈ ಗುಳಿಗಳು ಬರುವುದು ಹೇಗೆ ಅಂದರೆ, ನಮ್ಮ ಹಳೇ ಹತ್ತಿ ಹಾಸಿಗೆ ನೆನಪಿಸಿಕೊಳ್ಳಿ. ಅಲ್ಲಲ್ಲಿ ದಾರ ಹಾಕಿ ಬಿಗಿದಿರುತ್ತಾರೆ, ದಾರ ಇದ್ದಲ್ಲಿ ಗುಳಿ, ಸುತ್ತ ಹತ್ತಿ ಉಬ್ಬಿರುತ್ತದೆ. ಚರ್ಮದ ಕೆಳಗೂ ಅಂಥದ್ದೇ ನಾರುಗಳಿವೆ. ಹೆಂಗಸರಲ್ಲಿ ಅವು ಹೆಚ್ಚಾಗಿ ನೆಟ್ಟಗೆ ಕೆಳಕ್ಕೆ ಇಳಿಯುತ್ತವೆ, ಅದಕ್ಕೇ ಕೊಬ್ಬು ನಡುವೆ ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಗಂಡಸರಲ್ಲಿ ಅವು ಅಡ್ಡಾದಿಡ್ಡಿ ಬಲೆಯಂತೆ ಇರುವುದರಿಂದ ಗುಳಿ ಕಾಣುವುದು ಅಪರೂಪ. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಸ್ವಲ್ಪವಾದರೂ ಇರುತ್ತದೆ, ಸಣ್ಣಗಿರುವವರಿಗೂ. ಇದು ಕಾಯಿಲೆ ಅಲ್ಲ.

ಹಾಗಾದರೆ ಒತ್ತಿದರೆ ಏನಾಗುತ್ತದೆ? ಚರ್ಮದಡಿ ನಿಂತಿರುವ ನೀರು ಸರಿಯುತ್ತದೆ. ರಕ್ತಕ್ಕೆ ಹೃದಯ ಇದೆ, ಆ ನೀರನ್ನು ಹೊತ್ತೊಯ್ಯುವ ಲಿಂಫ್ ದ್ರವಕ್ಕೆ ಅಂಥ ಪಂಪ್ ಇಲ್ಲ, ಸ್ನಾಯು ಆಡಿದಾಗ, ಉಸಿರಾಡಿದಾಗ, ಹೊರಗಿನಿಂದ ಒತ್ತಿದಾಗ ಅದು ಮೇಲಕ್ಕೆ ಹರಿಯುತ್ತದೆ. ಬಾವು ಇಳಿದರೆ ಗುಳಿಯ ಆಳ ಕಡಿಮೆ ಕಾಣುತ್ತದೆ. ಕೊಬ್ಬಿನ ಕೋಶ ಒಡೆಯುವುದಿಲ್ಲ, ನಾರು ಕಡಿಯುವುದಿಲ್ಲ. "ಕೊಬ್ಬು ಕರಗಿ ಮೂತ್ರದಲ್ಲಿ ಹೋಗುತ್ತೆ ಮೇಡಂ" ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ. ವಿಷ ಹೊರಹಾಕುವ ಮಾತೂ ಅದೇ ಜಾತಿಯದು, ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಕೈ ಹಚ್ಚುವ ಮೊದಲು ಇದನ್ನು ನೋಡಿ. ಒಂದೇ ಕಾಲು ಊದಿ, ನೋವಿದ್ದು, ಮುಟ್ಟಿದರೆ ಬೆಚ್ಚಗಿದ್ದರೆ ಮಸಾಜ್ ಮಾಡಲೇಬೇಡಿ. ರಕ್ತನಾಳದಲ್ಲಿ ಹೆಪ್ಪು ಇರಬಹುದು, ಒತ್ತಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೇಳದೆ ಶುರು ಮಾಡಬಾರದು. ಉಬ್ಬಿದ ವೆರಿಕೋಸ್ ನರಗಳ ಮೇಲೆ, ಗಾಯ ಅಥವಾ ಸೋಂಕು ಇದ್ದಲ್ಲಿ ಒತ್ತುವುದು ಬೇಡ. ಕರಾವಳಿ ಕಡೆ, ಕಲಬುರಗಿ ಬೀದರ್ ಕಡೆ ಆನೆಕಾಲು ರೋಗ ಹೊಸದೇನಲ್ಲ, ಆದ್ದರಿಂದ ಇಳಿಯದ ಬಾವನ್ನು ಸೆಲ್ಯುಲೈಟ್ ಅಂದುಕೊಂಡು ಉಜ್ಜುತ್ತಾ ಕೂರಬೇಡಿ. ಇನ್ನೊಂದು ಇದೆ, ಲಿಪಿಡೀಮಾ ಅಂತ: ಎರಡೂ ಕಾಲು ಸಮನಾಗಿ ದಪ್ಪ, ಪಾದ ಮಾತ್ರ ಸಣ್ಣಗೆ, ಮುಟ್ಟಿದರೆ ನೋವು, ಸುಮ್ಮಸುಮ್ಮನೆ ನೀಲಿಗಟ್ಟುವುದು. ಇದನ್ನು ಎಷ್ಟೋ ವರ್ಷ "ನೀನು ದಪ್ಪ ಆಗಿದ್ದೀಯ" ಅಂತ ತಳ್ಳಿಹಾಕುತ್ತಾರೆ. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಸರಿ, ವಿಧಾನಕ್ಕೆ ಬರೋಣ. ಸಂಜೆ ಸ್ನಾನ ಆದ ಮೇಲೆ ಒಳ್ಳೆಯ ಹೊತ್ತು, ದಿನವಿಡೀ ಕೂತು ನಿಂತು ಕಾಲಿಗೆ ನೀರು ಇಳಿದಿರುತ್ತದಲ್ವಾ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಯಾವುದಾದರೂ ಸಾಕು, ಆದರೆ ಸ್ವಲ್ಪವೇ. ಕೈ ಜಾರಿಹೋಗುವಷ್ಟು ಹಚ್ಚಿದರೆ ಒತ್ತುವುದಕ್ಕೆ ಆಗಲ್ಲ. ಗೋಡೆಗೆ ಒರಗಿ ಕೂತು ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಳ್ಳಿ. ಹೊಟ್ಟೆ ಉಬ್ಬುವ ಹಾಗೆ ನಾಲ್ಕೈದು ಸಲ ಉದ್ದ ಉಸಿರು ಎಳೆದು ಬಿಡಿ.

ಶುರು ಮಾಡುವುದು ತೊಡೆಸಂದಿನಿಂದ. ಲಿಂಫ್ ಗಂಟುಗಳು ಅಲ್ಲಿವೆ. ಅಂಗೈ ಚಪ್ಪಟೆಯಾಗಿಟ್ಟು ಮೆಲ್ಲಗೆ ಒತ್ತಿ ಬಿಡಿ, ಹತ್ತು ಸಲ. ಆಮೇಲೆ ತೊಡೆಯ ಮೇಲ್ಭಾಗ, ನಂತರ ನಡುಭಾಗ, ಕೊನೆಗೆ ಮಂಡಿಯ ಮೇಲೆ. ಕೆಳಗಿನಿಂದ ಯಾಕೆ ಅಲ್ಲ ಅಂದರೆ, ಮೊದಲು ಮೇಲಿನ ದಾರಿ ಖಾಲಿ ಆಗಬೇಕು, ಆಗ ಕೆಳಗಿನದಕ್ಕೆ ಜಾಗ. ಎಲ್ಲ ಕಡೆಯೂ ಕೈ ಹೋಗುವ ದಿಕ್ಕು ಮಾತ್ರ ಮೇಲಕ್ಕೆ, ತೊಡೆಸಂದಿನ ಕಡೆಗೆ.

ಈಗ ಕಂಪ್ರೆಷನ್. ಎರಡೂ ಕೈಯಿಂದ ತೊಡೆಯನ್ನು ಸುತ್ತ ಹಿಡಿದು, ಬಳೆ ತೊಡಿಸಿದ ಹಾಗೆ, ನಿಧಾನಕ್ಕೆ ಒತ್ತಿ, ಮೂರು ಎಣಿಸಿ, ನಿಧಾನಕ್ಕೆ ಬಿಡಿ. ಅಂಗೈ ಅಗಲದಷ್ಟು ಮೇಲೆ ಸರಿಸಿ ಮತ್ತೆ ಒತ್ತಿ. ಮಂಡಿಯಿಂದ ಸಂದಿನವರೆಗೆ ಹೀಗೆ ಐದಾರು ಸುತ್ತು. ಎಷ್ಟು ಬಲ? ಚರ್ಮ ಕೈಯೊಂದಿಗೆ ಸರಿಯಬೇಕು, ನೋವಾಗಬಾರದು. ಲಿಂಫ್ ನಾಳಗಳು ಚರ್ಮಕ್ಕೆ ತೀರಾ ಹತ್ತಿರದಲ್ಲಿವೆ, ಗುದ್ದುವ ಅಗತ್ಯವೇ ಇಲ್ಲ. ಆಮೇಲೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚರ್ಮವನ್ನು ಮಡಿಕೆಯಾಗಿ ಎತ್ತಿ ಮುಂದಕ್ಕೆ ಉರುಳಿಸುತ್ತಾ ಹೋಗಿ. ಹಿಂಭಾಗಕ್ಕೆ ಒಳಗಿನಿಂದ ಹೊರಕ್ಕೆ, ಸೊಂಟದ ಬದಿಯಿಂದ ಸುತ್ತಿ ಸಂದಿನ ಕಡೆಗೆ. ಕೊನೆಗೆ ಉದ್ದಕ್ಕೆ ನೀವಿ ಮುಗಿಸಿ. ಒಂದು ಕಾಲಿಗೆ ಹತ್ತು ನಿಮಿಷ ಸಾಕು, ವಾರಕ್ಕೆ ಮೂರ್ನಾಲ್ಕು ಸಲ.

ಮರದ ರೋಲರ್ ಹಿಡಿದು ನೀಲಿಗಟ್ಟುವಂತೆ ಉಜ್ಜುವ ವಿಡಿಯೋಗಳು ಈಗ ಜಾಸ್ತಿ. ನೀಲಿ ಅಂದರೆ ಸಣ್ಣ ರಕ್ತನಾಳ ಒಡೆದಿದೆ ಅಂತ. ನಮ್ಮ ಬಣ್ಣದ ಚರ್ಮದಲ್ಲಿ ಅದರ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಗುಳಿ ಹೋಗಿಸಲು ಹೋಗಿ ಕಲೆ ತಂದುಕೊಂಡ ಹಾಗೆ.

ಗಾಳಿ ತುಂಬುವ ಬೂಟ್ ಇದೆಯಲ್ಲ, ಪ್ರೆಸೋಥೆರಪಿ ಅನ್ನುತ್ತಾರೆ, ಅದು ಪಾದದಿಂದ ಮೇಲಕ್ಕೆ ಒಂದೊಂದೇ ಭಾಗ ಉಬ್ಬಿಸಿ ಒತ್ತುತ್ತದೆ. ಒತ್ತಡದ ಅಳತೆ ಬಿಪಿ ಅಳೆಯುವ ಲೆಕ್ಕದಲ್ಲೇ. 30ರ ಸುಮಾರಿನಿಂದ ಶುರು ಮಾಡಿ, 20 ನಿಮಿಷ ಸಾಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಬಣ್ಣ ತಿರುಗಿದರೆ ತಕ್ಷಣ ಬಿಚ್ಚಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ, ಕಾಲಿನ ರಕ್ತನಾಳ ಕಟ್ಟಿಕೊಂಡಿರುವವರಿಗೆ ಇದು ಬೇಡ. ಬಿಗಿ ಲೆಗ್ಗಿಂಗ್ಸ್ ಹಾಕಿದರೆ ಗುಳಿ ಹೋಗುತ್ತದೆ ಅನ್ನುವುದನ್ನು ನಂಬಬೇಡಿ, ಬಟ್ಟೆಯೊಳಗೆ ಕಾಣಿಸುವುದಿಲ್ಲ ಅಷ್ಟೇ.

ಇನ್ನು ಮೆಷಿನ್. ಎಂಡರ್ಮಾಲಜಿ ಅನ್ನುವುದು ಫ್ರಾನ್ಸ್‌ನ ಲೂಯಿ ಪಾಲ್ ಗಿಟೆ 1980ರ ದಶಕದಲ್ಲಿ ಮಾಡಿದ್ದು. ಅಪಘಾತದ ಗಾಯದ ಕಲೆಗಳಿಗೆ ಕೈಯಿಂದ ಮಾಡುತ್ತಿದ್ದ ಮಸಾಜನ್ನು ಯಂತ್ರಕ್ಕೆ ಇಳಿಸುವ ಯೋಚನೆ ಅದು, ಸೆಲ್ಯುಲೈಟ್ ಆಮೇಲೆ ಸೇರಿಕೊಂಡಿತು. ರೋಲರ್ ಚರ್ಮವನ್ನು ಎಳೆದುಕೊಂಡು ಮಡಚುತ್ತದೆ, ಮೇಲೆ ಹೇಳಿದ ಉರುಳಿಸುವ ಕೆಲಸವನ್ನೇ. ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿದ್ದು ಸೆಲ್ಯುಲೈಟ್ ತಾತ್ಕಾಲಿಕವಾಗಿ ಕಡಿಮೆ ಕಾಣುತ್ತದೆ ಅನ್ನುವಷ್ಟನ್ನೇ. ಪ್ಯಾಕೇಜ್ ಮಾರುವವರು ಆ ತಾತ್ಕಾಲಿಕ ಪದವನ್ನು ಮಾತ್ರ ನುಂಗಿಬಿಡುತ್ತಾರೆ. ಆದ್ದರಿಂದ ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ, ಒಂದು ಸಿಟಿಂಗ್ ತಗೊಂಡು ನೋಡಿ. ನಿಲ್ಲಿಸಿದರೆ ಏನಾಗುತ್ತದೆ ಅಂತ ನೇರವಾಗಿ ಕೇಳಿ. ಮೊದಲು-ಆಮೇಲೆ ಫೋಟೋ ತೋರಿಸಿದರೆ ಬೆಳಕು ಗಮನಿಸಿ, ಮೇಲಿನಿಂದ ಲೈಟ್ ಬಿದ್ದರೆ ಪ್ರತಿ ಗುಳಿಗೂ ನೆರಳು, ಎದುರಿನಿಂದ ಬಿದ್ದರೆ ಗುಳಿಯೇ ಮಾಯ. ನೀವೇ ಮನೆಯಲ್ಲಿ ಫೋಟೋ ತೆಗೆದಿಡಿ, ಅದೇ ಜಾಗ, ಅದೇ ಹೊತ್ತು, ಅದೇ ನಿಲುವು.

ಆಯುರ್ವೇದದ ಉದ್ವರ್ತನವೂ ಇದೇ ಸಾಲಿನದು. ಹುರುಳಿ ಹಿಟ್ಟಿನಂಥ ಒಣ ಪುಡಿಯಿಂದ ಮೇಲ್ಮುಖವಾಗಿ ಉಜ್ಜುತ್ತಾರೆ. ಚರ್ಮ ನಯವಾಗುತ್ತದೆ, ಆದರೆ ಒಣ ಚರ್ಮದವರಿಗೆ ಗೀರು ಬೀಳುತ್ತದೆ, ಮೊದಲು ಚೂರು ಎಣ್ಣೆ ಹಚ್ಚಿಕೊಳ್ಳಿ.

ಒಂದೂವರೆ ತಿಂಗಳು ಮಾಡಿಯೂ ಫೋಟೋದಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಸಮಯವನ್ನು ಬಸ್ಕಿಗೂ ನಡಿಗೆಗೂ ಕೊಡಿ. ಮೀನಖಂಡವೇ ಕಾಲಿನ ಪಂಪ್, ತೊಡೆಯ ಸ್ನಾಯು ತುಂಬಿಕೊಂಡರೆ ಮೇಲಿನ ಚರ್ಮವೂ ಬಿಗಿಯಾಗಿ ಕಾಣುತ್ತದೆ. ಅಷ್ಟರಲ್ಲೂ ಸಮಾಧಾನ ಆಗದವರು ಚರ್ಮದ ಡಾಕ್ಟರ್ ಹತ್ತಿರ ಸಬ್ಸಿಶನ್ ಬಗ್ಗೆ ಕೇಳಬಹುದು. ಸೂಜಿಯಿಂದ ಆ ನಾರನ್ನೇ ಕತ್ತರಿಸುವ ವಿಧಾನ ಅದು, ಆಳವಾದ ಗುಳಿಗಳಿಗೆ ಮಾತ್ರ ಮಾಡುತ್ತಾರೆ, ನೀಲಿಗಟ್ಟುವುದು ಅದರಲ್ಲೂ ಇದ್ದದ್ದೇ.